ಎಸ್.ಎಸ್.ಎಲ್.ಸಿ. ಆದ ಮೇಲೆ ಕೈಕಸುಬು



ನಾನು ನಿಮ್ಮ ಮುಂದೆ ಬರುವುದು ಸಾಮಾನ್ಯವಾಗಿ ಬೀಜ, ಗೊಬ್ಬರ, ಔಷಧಿ ಇವುಗಳ ಮಾತು ಹೇಳುವುದಕ್ಕೆ. ಈ ದಿನ ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಮುಂಗಾರಿಗೆ ನೆಲ ಹದ ಮಾಡುವ ಹೊತ್ತಿಗೆ ಸರಿಯಾಗಿ ಎಸ್.ಎಸ್.ಎಲ್.ಸಿ. ಫಲಿತಾಂಶವೂ ಬರುತ್ತದೆ. ಹೊಲದಲ್ಲಿ ಏನು ಬಿತ್ತಬೇಕು ಎಂಬ ಯೋಚನೆ ಒಂದು ಕಡೆ. ಮಗನನ್ನೋ ಮಗಳನ್ನೋ ಮುಂದೆ ಏನು ಓದಿಸಬೇಕು ಎಂಬ ಯೋಚನೆ ಇನ್ನೊಂದು ಕಡೆ. ಮೊದಲನೆಯದನ್ನು ತಪ್ಪಿ ಮಾಡಿದರೆ ಒಂದು ಬೆಳೆ ಹೋಗುತ್ತದೆ. ಎರಡನೆಯದನ್ನು ತಪ್ಪಿ ಮಾಡಿದರೆ ಹೊಲವೇ ಹೋದೀತು. ಆದ್ದರಿಂದ ಈ ವಿಷಯವನ್ನು ಮನೆಮಂದಿಯೆಲ್ಲ ಕೂತು ಕೇಳಬೇಕೆಂದು ಪ್ರಾರ್ಥನೆ.

ಹಳ್ಳಿಗಳಲ್ಲಿ ನನಗೆ ಮೇಲಿಂದ ಮೇಲೆ ಕೇಳಿಬರುವ ಮಾತು ಒಂದಿದೆ. ‘ಸ್ವಾಮಿ, ಎರಡೆಕರೆ ಅಡ ಇಟ್ಟಾದರೂ ಸರಿ, ಹುಡುಗನ್ನ ಎಂಜಿನಿಯರ್ ಓದಿಸಿಬಿಡ್ತೀನಿ. ನಾವಂತೂ ಮಣ್ಣಲ್ಲೇ ಸವೆದ್ವಿ, ಅವನಾದ್ರೂ ನೆರಳಲ್ಲಿ ಕೂತ್ಕೊಳ್ಲಿ’ ಅನ್ನುತ್ತಾರೆ. ಈ ಮಾತಿನ ಹಿಂದೆ ಇರುವ ಪ್ರೀತಿ ಎಂಥದೆಂದು ನಾನು ಬಲ್ಲೆ. ಹುಡುಗನಿಗೆ ಓದಿನಲ್ಲಿ ಮನಸ್ಸಿದ್ದರೆ, ಗಣಿತ ವಿಜ್ಞಾನ ಅವನಿಗೆ ಒಗ್ಗಿದ್ದರೆ, ಅವನನ್ನು ಖಂಡಿತ ಪದವಿಗೆ ಕಳುಹಿಸಿ. ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಪದವಿಯನ್ನು ಹಳಿಯುವುದಕ್ಕೆ ನಾನು ಬಂದಿಲ್ಲ.

ಆದರೆ ಎಲ್ಲ ನೆಲಕ್ಕೂ ಭತ್ತ ಹಾಕುತ್ತೀರಾ? ಇಲ್ಲವಲ್ಲ. ಕೆಂಪು ಮಣ್ಣಿಗೆ ರಾಗಿ, ಎರೆಭೂಮಿಗೆ ಜೋಳ, ಹತ್ತಿ ಎಂದು ನೋಡಿ ಹಾಕುತ್ತೀರಿ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಮಣ್ಣು ನೋಡದೆ ಬಿತ್ತುತ್ತೇವೆ. ಪುಸ್ತಕ ಹಿಡಿದರೆ ತೂಕಡಿಸುವ ಹುಡುಗ, ಕೆಟ್ಟ ಪಂಪು ಸಿಕ್ಕಿದರೆ ಊಟ ಬಿಟ್ಟು ಬಿಚ್ಚುತ್ತಾ ಕೂರುತ್ತಾನೆ. ಅವನಿಗೆ ಬುದ್ಧಿಯಿಲ್ಲವೆಂದಲ್ಲ, ಅವನ ಬುದ್ಧಿ ಕೈಯ ಮೂಲಕ ಓಡುತ್ತದೆ. ಅಂಥವನಿಗೆ ಕಸುಬಿನ ದಾರಿ ಇದೆ. ಆ ದಾರಿ ಹೇಗೆ, ಎಲ್ಲಿ, ಎಷ್ಟು ಕಾಲ, ಅದರಲ್ಲಿ ಎಚ್ಚರವೇನು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ಸಾಲದ ಲೆಕ್ಕ ನೋಡೋಣ. ಕೈಸಾಲ ತಂದು ಓದಿಸುವವರು ನಮ್ಮಲ್ಲಿ ಬಹಳ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 3 ಲಕ್ಷ ರೂಪಾಯಿ ತಂದಿರಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಬಡ್ಡಿ 6,000. ವರ್ಷಕ್ಕೆ 72,000. ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ. ಅಷ್ಟರಲ್ಲಿ ಬಡ್ಡಿಯೇ 2,88,000 ರೂಪಾಯಿ. ಅಸಲಿನ ಸಮಕ್ಕೆ ಬಂತು. ಹುಡುಗ ಎರಡು ವಿಷಯ ಉಳಿಸಿಕೊಂಡು ಐದನೆಯ ವರ್ಷಕ್ಕೂ ಹೋದನೆಂದರೆ ಮನೆಯ ಗತಿ ಏನು? ಆ ಎರಡೆಕರೆ ಮರಳಿ ಬರುವುದುಂಟೇ? ಆದ್ದರಿಂದ ಓದು ಒಗ್ಗುವ ಮಗುವಿಗೆ ಸಾಲ ಮಾಡುವುದು ಒಂದು ಮಾತು, ಒಗ್ಗದ ಮಗುವಿಗೆ ಮರ್ಯಾದೆಗಾಗಿ ಸಾಲ ಮಾಡುವುದು ಇನ್ನೊಂದು ಮಾತು.

ಇನ್ನು ಕಸುಬು ಎಂದರೆ ಏನು? ನಿಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಬೇಸಗೆ ಕಾಲ. ಟೊಮೇಟೊ ಕಾಯಿಗಟ್ಟಿದೆ. ಕೊಳವೆ ಬಾವಿಯ ಮೋಟಾರು ಸುಟ್ಟಿತು. ಪೈಪು ಎತ್ತಿಸಿ, ಮೋಟಾರನ್ನು ಪೇಟೆಗೆ ಹೊತ್ತು, ಅಂಗಡಿಯ ಮುಂದೆ ಕಾಯುತ್ತಾ ಕೂರುತ್ತೀರಿ. ತಂತಿ ಸುತ್ತಿ ಕೊಟ್ಟ. ತಂದು ಇಳಿಸಿದಿರಿ. ಎಂಟು ದಿನಕ್ಕೆ ಮತ್ತೆ ಸುಟ್ಟಿತು. ಯಾಕೆ?

ಸುತ್ತಿದವನಿಗೆ ಸುತ್ತುವುದು ಬರುತ್ತಿತ್ತು, ಮೊದಲ ಸಲ ಯಾಕೆ ಸುಟ್ಟಿತೆಂದು ಹುಡುಕುವುದು ಬರುತ್ತಿರಲಿಲ್ಲ. ಮೂರು ಫೇಸಿನ ಮೋಟಾರು ಓಡುತ್ತಿರುವಾಗ ಒಂದು ಫೇಸು ತಪ್ಪಿಹೋದರೆ, ಮೂರು ಜನ ಹೊರುವ ಹೊರೆಯನ್ನು ಇಬ್ಬರ ತಲೆಯ ಮೇಲೆ ಇಟ್ಟಂತೆ. ಉಳಿದ ಎರಡು ತಂತಿಗಳಲ್ಲಿ ಕರೆಂಟು ಮೊದಲಿನ ಸುಮಾರು 1.7 ಪಟ್ಟು ಹರಿಯುತ್ತದೆ. ಕರೆಂಟು 1.7 ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಕಾವು ಸುಮಾರು 3 ಪಟ್ಟು. ಒಳಗಿನ ಹೊದಿಕೆ ಕರಗುತ್ತದೆ, ತಂತಿ ತಂತಿಗೆ ತಾಗುತ್ತದೆ, ಮೋಟಾರು ಹೋಯಿತು. ವೋಲ್ಟೇಜು ಇಳಿದಾಗಲೂ ಕರೆಂಟು ಏರಿ ಇದೇ ಗತಿ. ಬಾವಿಯಲ್ಲಿ ನೀರು ಇಳಿದು ಪಂಪು ಒಣಗಿ ಓಡಿದರೂ ಇದೇ ಗತಿ. ಏಕೆಂದರೆ ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದು ಅದರ ಸುತ್ತ ಹರಿಯುವ ನೀರೇ.

ಕಸುಬು ಬಲ್ಲವನು ತಂತಿ ಮುಟ್ಟುವ ಮೊದಲು ನಿಮ್ಮನ್ನು ಕೇಳುತ್ತಾನೆ: ‘ಯಜಮಾನ್ರೇ, ಸ್ಟಾರ್ಟರ್ ಯಾವಾಗ ನೋಡಿಸಿದ್ರಿ? ನೀರು ಎಷ್ಟಡಿಗೆ ಇಳಿದಿದೆ? ಸುಡೋ ಮುಂಚೆ ಗುಂಯ್ ಅಂತ ಸದ್ದು ಬಂತಾ?’ ಮೆಗ್ಗರ್ ಹಚ್ಚಿ ಹೊದಿಕೆ ಎಲ್ಲಿ ಸೋತಿದೆ ಎಂದು ನೋಡುತ್ತಾನೆ. ಹಳೆಯ ತಂತಿಯ ದಪ್ಪ ಅಳೆದು, ಸುತ್ತು ಎಣಿಸಿ, ಅಷ್ಟೇ ಸುತ್ತು ಹಾಕುತ್ತಾನೆ. ಇಳಿಸಿದ ಮೇಲೆ ಮೂರು ತಂತಿಯಲ್ಲಿಯೂ ಕರೆಂಟು ಅಳೆದು, ಮೋಟಾರಿನ ಮೇಲೆ ಬರೆದಿರುವ ಆಂಪಿಯರಿಗೆ ಹೋಲಿಸುತ್ತಾನೆ. ಫೇಸು ತಪ್ಪಿದರೆ ತಾನೇ ನಿಲ್ಲಿಸುವ ಸಾಧನವನ್ನು ಹಾಕಿಸಿ ಹೋಗುತ್ತಾನೆ. ಇಬ್ಬರೂ ಮೋಟಾರು ಕೆಲಸದವರೇ. ಆದರೆ ಮುಂದಿನ ಸಲ ನೀವು ಯಾರನ್ನು ಕರೆಯುತ್ತೀರಿ?

ಇದರಿಂದ ತಿಳಿಯುವುದೇನೆಂದರೆ, ಕಸುಬಿಗೆ ಮೂರು ಅಂಗಗಳು. ಒಂದು ಕೈಯ ಅಭ್ಯಾಸ. ಎರಡು ಕಾರಣದ ತಿಳಿವಳಿಕೆ. ಮೂರು ಮಾನ್ಯತೆಯ ಕಾಗದ. ಕೈಯ ಅಭ್ಯಾಸ ಅಂಗಡಿಯಲ್ಲಿ ಬರುತ್ತದೆ, ತಿಳಿವಳಿಕೆ ಪಾಠದಲ್ಲಿ ಬರುತ್ತದೆ. ಕಾಗದ ಇದ್ದರೆ ನೌಕರಿ, ಪರವಾನಿಗೆ, ಬ್ಯಾಂಕಿನ ಸಾಲ ಇವುಗಳ ಬಾಗಿಲು ತೆರೆಯುತ್ತದೆ. ನಮ್ಮ ಹಳ್ಳಿಯ ಹುಡುಗರು ಮೊದಲನೆಯದೊಂದನ್ನೇ ಕಲಿತು ಉಳಿದೆರಡನ್ನು ಬಿಡುತ್ತಾರೆ. ಹತ್ತು ವರ್ಷ ದುಡಿದರೂ ಇನ್ನೊಬ್ಬರ ಅಂಗಡಿಯಲ್ಲಿ ಸಹಾಯಕನಾಗಿಯೇ ಉಳಿಯುವುದು ಇದರಿಂದಲೇ. ಮೂರನ್ನೂ ಕೂಡಿಸಿಕೊಳ್ಳುವ ದಾರಿಗಳನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯ ದಾರಿ ಐ.ಟಿ.ಐ., ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಕುಶಲಕರ್ಮಿಗಳ ತರಬೇತಿ ಯೋಜನೆ ನಮ್ಮ ದೇಶದಲ್ಲಿ 1950ರಲ್ಲಿ ಆರಂಭವಾಯಿತು. ಇಲ್ಲಿ ಪಾಠಕ್ಕಿಂತ ಕಾರ್ಯಾಗಾರದ ಕೆಲಸ ಹೆಚ್ಚು. ಎಲೆಕ್ಟ್ರೀಷಿಯನ್, ಫಿಟ್ಟರ್, ಟರ್ನರ್, ಮೋಟಾರು ವಾಹನ ಮೆಕ್ಯಾನಿಕ್ ಇವು ಎರಡು ವರ್ಷದ ಕಸುಬುಗಳು. ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್, ವೆಲ್ಡರ್ ಇವು ಒಂದೇ ವರ್ಷ. ಎಲೆಕ್ಟ್ರೀಷಿಯನ್ನಿಗೆ ಗಣಿತ ವಿಜ್ಞಾನ ಸೇರಿದ ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು. ವೆಲ್ಡರ್, ವೈರ್‌ಮನ್ ಮುಂತಾದವಕ್ಕೆ ಎಂಟನೆಯ ತರಗತಿ ಪಾಸಾದರೆ ಸಾಕು. ವಯಸ್ಸು 14 ತುಂಬಿರಬೇಕು. ಕಡೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ ಇದೆ. ಪಾಸಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. ಈ ಕಾಗದ ಬೀದರಿನಲ್ಲಿಯೂ ನಡೆಯುತ್ತದೆ, ಪುಣೆಯಲ್ಲಿಯೂ ನಡೆಯುತ್ತದೆ. ಕರ್ನಾಟಕದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳಿಂದ ಸುಧಾರಿಸಿ 2022ರ ಜೂನ್ ತಿಂಗಳಲ್ಲಿ ಲೋಕಾರ್ಪಣೆ ಮಾಡಿದರು. ಹಳೆಯ ಲೇತು ಮತ್ತು ಅರ ಮಾತ್ರ ಇದ್ದ ಕಡೆ ಈಗ ಕಂಪ್ಯೂಟರಿನಿಂದ ನಡೆಯುವ ಯಂತ್ರಗಳೂ ಬಂದಿವೆ. ನಿಮ್ಮ ತಾಲ್ಲೂಕಿನ ಸಂಸ್ಥೆ ಅವುಗಳಲ್ಲಿ ಸೇರಿದೆಯೇ ಎಂದು ಹೋಗಿ ಕೇಳಿ.

ಎರಡನೆಯ ದಾರಿ ಶಿಶಿಕ್ಷು ತರಬೇತಿ. ಅಪ್ರೆಂಟಿಸ್ ಎಂದು ಎಲ್ಲರೂ ಕರೆಯುತ್ತಾರೆ. ಇದಕ್ಕೆ 1961ರ ಕಾಯಿದೆ ಇದೆ. ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಲೇ ತಿಂಗಳ ಭತ್ಯೆ ಪಡೆಯುವ ವ್ಯವಸ್ಥೆ ಇದು. 2019ರ ನಿಯಮದಲ್ಲಿ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಕನಿಷ್ಠ ಭತ್ಯೆ ಗೊತ್ತುಮಾಡಿದರು. ಸೇರುವ ಮುನ್ನ ಆ ವರ್ಷದ ದರ ಎಷ್ಟೆಂದು ಕೇಳಿಕೊಳ್ಳಿ. ಐ.ಟಿ.ಐ. ಮುಗಿಸಿ ಇದಕ್ಕೆ ಹೋದರೆ ಬಹಳ ಒಳ್ಳೆಯದು. ಏಕೆಂದರೆ ಶಾಲೆಯ ಕಾರ್ಯಾಗಾರದಲ್ಲಿ ತಪ್ಪಿದರೆ ಇನ್ನೊಂದು ಕಬ್ಬಿಣದ ತುಂಡು ಸಿಗುತ್ತದೆ, ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಅಳತೆಗೆ ಸರಿಯಾಗಿ ಮಾಡುವುದು, ಮೇಲಿನವರ ಮಾತು ಕೇಳಿ ಬರೆದಿಟ್ಟುಕೊಳ್ಳುವುದು ಇವೆಲ್ಲ ಅಲ್ಲಿ ರೂಢಿಯಾಗುತ್ತವೆ.

ಮೂರನೆಯದು ಪಾಲಿಟೆಕ್ನಿಕ್. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಇದರ ಜೊತೆಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಿವೆ, ಜಿ.ಟಿ.ಟಿ.ಸಿ. ಎನ್ನುತ್ತಾರೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇದು ಈಗ ರಾಜ್ಯದ ಅನೇಕ ಊರುಗಳಲ್ಲಿದೆ. ಅಚ್ಚು ಮತ್ತು ಉಪಕರಣ ತಯಾರಿಸುವ ನಾಜೂಕಿನ ಕೆಲಸ ಇಲ್ಲಿ ಕಲಿಸುತ್ತಾರೆ. ಪ್ಲಾಸ್ಟಿಕ್ ಬಿಂದಿಗೆಯಿಂದ ಹಿಡಿದು ಮೋಟಾರು ಗಾಡಿಯ ಭಾಗದವರೆಗೆ ಪ್ರತಿಯೊಂದಕ್ಕೂ ಅಚ್ಚು ಬೇಕು ತಾನೇ?

ನಾಲ್ಕನೆಯದು ಶಾಲೆ ಬಿಟ್ಟು ನಾಲ್ಕಾರು ವರ್ಷ ಕಳೆದವರಿಗೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು ಮತ್ತು ಎರಡು ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ನಮ್ಮ ಕರ್ನಾಟಕದ ಒಂದು ಹಳ್ಳಿಕಡೆಯ ಪ್ರಯೋಗ ದೇಶಕ್ಕೇ ಮಾದರಿಯಾದದ್ದು ಹೆಮ್ಮೆಯ ವಿಷಯ. ಮೋಟಾರು ಸುತ್ತುವುದು, ಪಂಪು ದುರಸ್ತಿ, ದ್ವಿಚಕ್ರ ವಾಹನ ದುರಸ್ತಿ ಇವುಗಳನ್ನು 30 ದಿನಗಳಲ್ಲಿ ಕಲಿಸುತ್ತಾರೆ. ಹೊಲಿಗೆ ಮುಂತಾದವೂ ಇವೆ. ಊಟ ವಸತಿ ತರಬೇತಿ ಎಲ್ಲ ಉಚಿತ. 18 ವರ್ಷ ತುಂಬಿರಬೇಕು. ಮೂವತ್ತು ದಿನಕ್ಕೆ ಯಾರೂ ನಿಪುಣರಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಅಲ್ಲಿ ಅಡಿಪಾಯ ಹಾಕಿಸಿಕೊಂಡು, ಆಮೇಲೆ ಬಲ್ಲವರ ಕೈಕೆಳಗೆ ಒಂದೆರಡು ವರ್ಷ ಪಳಗಬೇಕು.

ಮನೆತನದಿಂದ ಬಡಗಿ, ಕಮ್ಮಾರ, ಕುಂಬಾರ, ಗಾರೆ, ಹೊಲಿಗೆ ಮುಂತಾದ ಕೆಲಸ ಮಾಡಿಕೊಂಡು ಬಂದವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಇದೆ. ಅದರಲ್ಲಿ 18 ಕಸುಬುಗಳು ಸೇರಿವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಈಗ ತಾನೇ ಲೆಕ್ಕ ಹಾಕಿದ ನೂರಕ್ಕೆ ಎರಡರ ಬಡ್ಡಿ ವರ್ಷಕ್ಕೆ ಶೇಕಡ 24 ಆಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಈಗ ಹಿರಿಯರ ಮನಸ್ಸಿನಲ್ಲಿರುವ ಸಂದೇಹಗಳಿಗೆ ಬರೋಣ.

ಒಂದು, ‘ಐ.ಟಿ.ಐ. ಸೇರಿದರೆ ಮುಂದಿನ ಓದಿಗೆ ಬಾಗಿಲು ಮುಚ್ಚಿತಲ್ಲ?’ ಮುಚ್ಚುವುದಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಅಂದರೆ ಇಕ್ಕಳ ಹಿಡಿದು ಹೊರಟ ಹುಡುಗನೂ ಮನಸ್ಸು ಮಾಡಿದರೆ ಎಂಜಿನಿಯರ್ ಆಗಬಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾನೆ, ನಡುವೆ ಎಲ್ಲಿ ನಿಂತರೂ ಅವನ ಕೈಯಲ್ಲಿ ಒಂದು ಕಸುಬು ಇದ್ದೇ ಇರುತ್ತದೆ. ಪದವಿಯನ್ನು ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಏನಿರುತ್ತದೆ, ನೀವೇ ಹೇಳಿ.

ಎರಡು, ‘ಸರ್ಕಾರಿ ನೌಕರಿ ಸಿಗೋದಿಲ್ಲವಲ್ಲ?’ ಸಿಗುವುದೇ ಇಲ್ಲ ಎಂಬುದು ತಪ್ಪು. ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್.ಎಸ್.ಎಲ್.ಸಿ. ಜೊತೆ ಐ.ಟಿ.ಐ. ಇದ್ದವರು ಅರ್ಜಿ ಹಾಕುತ್ತಾರೆ. ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳು 2024ರ ಅಕ್ಟೋಬರಿನಲ್ಲಿ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ್ದು ಎಸ್.ಎಸ್.ಎಲ್.ಸಿ.; ಅದರ ಜೊತೆಗೆ ಕಂಬ ಹತ್ತುವ ಪರೀಕ್ಷೆ. ಆದರೆ ನೌಕರಿಯನ್ನೇ ನಂಬಿ ಕೂರಬಾರದು. ಹುದ್ದೆ ಕೆಲವು, ಅರ್ಜಿ ಸಾವಿರಾರು. ಕಸುಬಿನ ಗುಣವೇನೆಂದರೆ ನೌಕರಿ ಬಂದರೂ ಸರಿ, ಬಾರದಿದ್ದರೂ ಊರಿನ ಬಾಗಿಲಲ್ಲೇ ಕೆಲಸವುಂಟು. ಸೌರಪಂಪು, ಹನಿ ನೀರಾವರಿ, ಕಟಾವು ಯಂತ್ರ ಇವೆಲ್ಲ ಹಳ್ಳಿಗೆ ಬಂದಿವೆ. ಕೆಟ್ಟರೆ ಸರಿಮಾಡುವವರು ಮಾತ್ರ ಇನ್ನೂ ಪೇಟೆಯಿಂದ ಬರಬೇಕು.

ಮೂರು, ಈ ಸಂದೇಹವನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ. ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಮಸಿ ಬಟ್ಟೆ ಹಾಕ್ಕೊಂಡು ತಿರುಗೋನಿಗೆ ಹೆಣ್ಣು ಯಾರು ಕೊಡ್ತಾರೆ ಸ್ವಾಮಿ?’ ಈ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಹನ್ನೆರಡನೆಯ ಶತಮಾನದ ಶರಣರು ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡು ನಡೆದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ ಇವರನ್ನು ನಾವು ಪೂಜಿಸುತ್ತೇವೆ. ಆದರೆ ಮನೆಗೆ ಬಂದ ಮೆಕ್ಯಾನಿಕ್ಕಿಗೆ ಹೊರಗೇ ನಿಲ್ಲಿಸಿ ನೀರು ಕೊಡುತ್ತೇವೆ. ಇದು ಸರಿಯೇ? ಮಾತು ಬಂದಿತೆಂದು ಇನ್ನೊಂದನ್ನೂ ಹೇಳುತ್ತೇನೆ. ‘ಬೆಳೆ ಬಂದ ಮೇಲೆ ಕೊಡ್ತೀನಿ’ ಎಂದು ಕಸುಬುದಾರನ ಕೂಲಿಯನ್ನು ಮೂರು ತಿಂಗಳು ತಳ್ಳುತ್ತೇವೆ. ತಾಮ್ರದ ತಂತಿಯನ್ನು ಅವನು ನಗದು ಕೊಟ್ಟು ತಂದಿರುತ್ತಾನೆ. ನಾಳೆ ನಿಮ್ಮ ಮಗನೇ ಅಂಗಡಿ ಇಟ್ಟು ಕೂತಾಗ ಊರವರು ಹೀಗೆ ಮಾಡಿದರೆ ಅವನು ನಿಲ್ಲುವನೇ?

ತಾಯಂದಿರೇ, ಹೆಣ್ಣು ಮಕ್ಕಳ ವಿಷಯವನ್ನು ನಾನು ಮರೆತಿಲ್ಲ. ಕಸುಬೆಂದರೆ ಹೊಲಿಗೆ ಒಂದೇ ಎಂದು ತಿಳಿಯಬೇಡಿ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ನಕ್ಷೆ ಬರೆಯುವುದು, ಎಲೆಕ್ಟ್ರೀಷಿಯನ್ ಎಲ್ಲಕ್ಕೂ ಹುಡುಗಿಯರು ಸೇರಬಹುದು. ಮಹಿಳೆಯರಿಗಾಗಿಯೇ ನಡೆಯುವ ಐ.ಟಿ.ಐ.ಗಳೂ ಇವೆ. ಸಣ್ಣ ಭಾಗಗಳನ್ನು ನಾಜೂಕಾಗಿ ಜೋಡಿಸುವ ಕೈ ನಿಮ್ಮ ಮಗಳಿಗಿದ್ದರೆ ಅದನ್ನು ಒಲೆಯ ಮುಂದೆಯೇ ಸವೆಸಬೇಡಿ.

ಇನ್ನು ಎಚ್ಚರದ ಮಾತುಗಳು.

ಸಂಸ್ಥೆಗೆ ಸೇರಿಸುವ ಮುನ್ನ ಕೇಂದ್ರ ತರಬೇತಿ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ನಿಮ್ಮ ಮಗ ಸೇರುವ ಆ ಕಸುಬಿಗೇ ಇದೆಯೇ ಎಂದು ಕೇಳಿ. ಬೋರ್ಡು ದೊಡ್ಡದಾಗಿದ್ದರೆ ಸಾಲದು. ಕಾರ್ಯಾಗಾರಕ್ಕೆ ಹೋಗಿ ಯಂತ್ರಗಳನ್ನು ನೋಡಿ. ಯಂತ್ರದ ಮೇಲೆ ಎಣ್ಣೆ ಇದ್ದರೆ ಕೆಲಸ ನಡೆಯುತ್ತಿದೆ, ಧೂಳು ಇದ್ದರೆ ನಡೆಯುತ್ತಿಲ್ಲ. ‘ಹಾಜರಾತಿ ಬೇಡ, ಸರ್ಟಿಫಿಕೇಟು ಕೊಡಿಸ್ತೀವಿ’ ಅನ್ನುವವರ ಹತ್ತಿರ ಸುಳಿಯಬೇಡಿ. ಮೂಲ ಅಂಕಪಟ್ಟಿಯನ್ನು ದಲ್ಲಾಳಿಯ ಕೈಗೆ ಕೊಡಬೇಡಿ.

ಕರೆಂಟಿನ ಕೆಲಸ ಆಟವಲ್ಲ. ಅರೆಬರೆ ಕಲಿತವನು ಟ್ರಾನ್ಸ್‌ಫಾರ್ಮರ್ ಕಂಬ ಹತ್ತಿ ಫ್ಯೂಸು ಹಾಕಲು ಹೋಗಿ ಪ್ರಾಣ ಕಳೆದುಕೊಂಡ ಸುದ್ದಿಯನ್ನು ನೀವು ಕೇಳಿದ್ದೀರಿ. ಆ ಕಂಬ ವಿದ್ಯುತ್ ಕಂಪನಿಯ ಸಿಬ್ಬಂದಿಯದು. ನಿಮ್ಮ ಮಗನನ್ನು ಯಾರೂ ಹತ್ತಿಸದಂತೆ ನೋಡಿಕೊಳ್ಳಿ. ಮನೆ, ತೋಟದ ವೈರಿಂಗ್ ಮಾಡುವವನು ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಿಗೆ ಪಡೆಯಬೇಕು. ವೆಲ್ಡಿಂಗ್ ಮಾಡುವವನು ಕಪ್ಪು ಗಾಜಿಲ್ಲದೆ ಕಿಡಿಯ ಕಡೆ ನೋಡಬಾರದು. ಕೈಗವಸು, ಬೂಟು, ಅರ್ತಿಂಗ್ ಇವು ಶೋಕಿಯ ವಸ್ತುಗಳಲ್ಲ.

ಕೊನೆಯದಾಗಿ, ಮೊದಲ ಎರಡು ಮೂರು ವರ್ಷ ಸಂಪಾದನೆ ಕಡಿಮೆ. ಪಟ್ಟಣದಲ್ಲಿ ಬಾಡಿಗೆ ಊಟಕ್ಕೇ ಸರಿಹೋಗುತ್ತದೆ. ತೆಂಗಿನ ಸಸಿ ನೆಟ್ಟ ವರ್ಷವೇ ಕಾಯಿ ಕೇಳುತ್ತೀರಾ? ಇದಕ್ಕೂ ಅಷ್ಟೇ ತಾಳ್ಮೆ ಬೇಕು.

ನಾನೂ ನಾಲ್ಕು ವರ್ಷದ ಪದವಿ ಓದಿದವನಲ್ಲ. ಕೃಷಿ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದವನು. ಪುಸ್ತಕದಲ್ಲಿ ಇಲ್ಲದ್ದನ್ನು ನಿಮ್ಮ ಹೊಲಗಳಲ್ಲಿ ಓಡಾಡಿ ಕಲಿತುಕೊಂಡೆ, ಈಗಲೂ ಕಲಿಯುತ್ತಿದ್ದೇನೆ. ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಇಷ್ಟು ಮಾಡಿ. ಈ ವಾರ ಒಂದು ಸಂಜೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ, ‘ನಿನಗೆ ಯಾವ ಕೆಲಸ ಮಾಡ್ತಾ ಇದ್ರೆ ಹೊತ್ತು ಹೋಗೋದು ಗೊತ್ತಾಗೋದಿಲ್ಲ?’ ಎಂದು ಕೇಳಿ. ಒಂದು ದಿನ ಬಿಡುವು ಮಾಡಿಕೊಂಡು ಇಬ್ಬರೂ ಹತ್ತಿರದ ಸರ್ಕಾರಿ ಐ.ಟಿ.ಐ.ಗೆ ಹೋಗಿ ಬನ್ನಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಇವನ್ನು ಒಂದು ಚೀಲದಲ್ಲಿ ಜೋಡಿಸಿಡಿ. ಅರ್ಜಿಯ ಕಡೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದೆರಡು ವಿಷಯದಲ್ಲಿ ನಪಾಸಾದ ಮಗುವಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಗದರಿಸಿ ಮೂಲೆಗೆ ಕೂರಿಸದೆ ಧೈರ್ಯ ಹೇಳಿ ಬರೆಯಿಸಿ.

ರೇಡಿಯೋ ಪಕ್ಕದಲ್ಲಿ ಕೂತು ಕೇಳುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಅಂಕ ಕಡಿಮೆ ಬಂತೆಂದು ತಲೆ ತಗ್ಗಿಸಬೇಡಿ. ಆದರೆ ಕಸುಬಿಗೆ ಓದು ಬೇಡವೆಂದೂ ತಿಳಿಯಬೇಡಿ. 1 ಹಾರ್ಸ್‌ಪವರ್ ಅಂದರೆ 746 ವಾಟ್. 5 ಹಾರ್ಸ್‌ಪವರ್ ಮೋಟಾರು ಎಷ್ಟು ವಾಟ್ ಎಂದು ಈಗಲೇ ಒಂದು ಚೀಟಿಯ ಮೇಲೆ ಗುಣಿಸಿ ನೋಡಿ. 3,730 ಬಂದರೆ ನಿಮ್ಮ ಮೊದಲ ಪಾಠ ಆರಂಭವಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ಹೊಲದ ಕೆಸರಿಗೂ ಸಲ್ಲುತ್ತದೆ, ಯಂತ್ರದ ಎಣ್ಣೆಗೂ ಸಲ್ಲುತ್ತದೆ.

ನಿಮ್ಮ ಮನೆಯಲ್ಲಿ ಒಂದು ಒಳ್ಳೆಯ ಕಸುಬು ಬೇರೂರಲಿ, ಹೊಲವೂ ನಿಮ್ಮಲ್ಲೇ ಉಳಿಯಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.